ಒಂಟಿ ಚಕ್ರದ ರಥ

"ಸೂರ್ಯನ ರಥ ಬಿಡಿಸು."

ಸೌಮ್ಯಶ್ರೀ ಹಾಳೆಯನ್ನೂ ಪೆನ್ಸಿಲನ್ನೂ ಮೇಜಿನ ಆ ಬದಿಗೆ ತಳ್ಳಿದಳು. ಅಕ್ಷಿತ್ ಹಾಳೆ ನೋಡಿದ, ಅವಳನ್ನು ನೋಡಿದ, ಮತ್ತೆ ಹಾಳೆ ನೋಡಿದ.

"ಯಾರ ಸೂರ್ಯ ಆಂಟಿ? ಗ್ರೀಕರದ್ದಾ, ನಮ್ಮದಾ?"

"ನಮ್ಮದೇ. ಮತ್ತೆ, ಇನ್ನೊಂದು ಸಲ ಆಂಟಿ ಅಂದರೆ ನಾನೇ ಹೋಗಿ ನಿನ್ನ ಮೇಲೆ ದೂರು ಕೊಟ್ಟು ಬರ್ತೇನೆ."

ಈ ವಾರದಲ್ಲಿ ಮೊದಲ ಬಾರಿಗೆ ಹುಡುಗ ನಕ್ಕ.

ಮಸ್ಕತ್ತಿನ ಬೌಷರ್‌ನಲ್ಲಿರುವ ವಿಮಾ ಕಚೇರಿಯ ಒಳಕೋಣೆ ಅದು. ಮುಳುಗಿದ ದೋಣಿ, ಸುಟ್ಟ ಗೋದಾಮು, ಯಾರೋ ಗುದ್ದಿ ಓಡಿಹೋದ ಕಾರು. ಇಂಥ ನಷ್ಟಗಳಲ್ಲಿ ನಿಜವೆಷ್ಟು, ಕಟ್ಟುಕಥೆಯೆಷ್ಟು ಎಂದು ಬೇರ್ಪಡಿಸುವುದು ಸೌಮ್ಯಶ್ರೀಯ ಕೆಲಸ. ಚಿತ್ರವೊಂದರ ನಷ್ಟ ಅವಳ ಪಾಲಿಗೆ ಬಂದದ್ದು ಇದೇ ಮೊದಲು. ವಿಮೆ ಮಾಡಿಸಿದ್ದ ಕಂಪನಿಯೊಂದರ ಬೋರ್ಡ್ ರೂಮಿನ ಗೋಡೆಯಲ್ಲಿದ್ದ ಹಳೆಯ ಇಟಾಲಿಯನ್ ಚಿತ್ರ ನಕಲಿ ಎಂದು ಚಿತ್ರತಜ್ಞೆ ರೋಸಲಿಂಡ್ ಬಾಯಿ ಬಣ್ಣ ಪರೀಕ್ಷಿಸಿ ಹೇಳಿದ್ದೇ ತಡ, ಎಲ್ಲರ ಬೆರಳೂ ಅದನ್ನು ಶುಚಿಗೊಳಿಸಿ ಕೊಟ್ಟ ಫ್ರೇಮ್ ಅಂಗಡಿಯ ಈ ಹುಡುಗನತ್ತ ತಿರುಗಿತ್ತು.

ಇವತ್ತು ಗುರುವಾರ. ಕಚೇರಿ ಮುಚ್ಚುವುದರೊಳಗೆ ಅಸಲಿ ಚಿತ್ರ ಸಿಗದಿದ್ದರೆ ಪೊಲೀಸ್ ದೂರು ಕೊಡುವುದಾಗಿ ಕಂಪನಿಯ ಜನರಲ್ ಮ್ಯಾನೇಜರ್ ಬಾಲಸುಬ್ರಹ್ಮಣ್ಯ ಹೇಳಿಯಾಗಿದೆ. ಕೇಸು ಬಿದ್ದರೆ ಹುಡುಗ ದೇಶ ಬಿಡುವ ಹಾಗಿಲ್ಲ. ಬರೋಡಾದ ಕಲಾ ಕಾಲೇಜಿಗೆ ಸೇರಲು ಅವನ ವಿಮಾನ ಇರುವುದು ಶನಿವಾರ. ಮಸ್ಕತ್ತಿನಲ್ಲೇ ಹುಟ್ಟಿ ಬೆಳೆದವನು. ಚೌಕಟ್ಟು ಕೂಡಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಮೂರು ಸಲ ಅರ್ಜಿ ಹಾಕಿ ಈ ಸೀಟು ಗಿಟ್ಟಿಸಿದ್ದ.

ಅಕ್ಷಿತ್ ಬಿಡಿಸತೊಡಗಿದ. ಕೈ ಹಾಳೆಯ ಮೇಲೆ ಸಲೀಸಾಗಿ ಓಡಿತು. ಕುದುರೆಗಳು ಬಂದವು, ಮೂಕಿ ಬಂತು, ಆಮೇಲೆ ಚಕ್ರ. ಒಂದಲ್ಲ, ಎರಡು.

"ನಮ್ಮ ಸೂರ್ಯನ ರಥಕ್ಕೆ ಎಷ್ಟು ಚಕ್ರ?" ಸೌಮ್ಯಶ್ರೀ ಕೇಳಿದಳು.

"ಟೂ? ಫೋರ್?" ಅಕ್ಷಿತ್ ಹುಬ್ಬು ಗಂಟಿಕ್ಕಿದ. "ರಥ ಅಲ್ವಾ ಮೇಡಂ, ಬೀಳದಿದ್ದರೆ ಆಯ್ತು."

ಅವಳು ಎರಡು ಫೋಟೊಗಳನ್ನು ಪಕ್ಕಪಕ್ಕದಲ್ಲಿ ಇಟ್ಟಳು. ಒಂದು, ವಿಮೆ ಮಾಡಿಸಿದಾಗ ತೆಗೆದ ಅಸಲಿ ಚಿತ್ರದ್ದು. ಇನ್ನೊಂದು, ಈಗ ಈ ವಿಮಾ ಕಚೇರಿಯ ಲಾಕರಿನಲ್ಲಿರುವ ನಕಲಿಯದು. ಎರಡರಲ್ಲೂ ಅದೇ ಫೇಥಾನ್. ಸೂರ್ಯನ ಮಗ. ಒಂದು ದಿನ ರಥ ಓಡಿಸಲು ಕೊಡು ಎಂದು ಅಪ್ಪನನ್ನು ಪೀಡಿಸಿ ಲಗಾಮು ಪಡೆದವನು. ಕುದುರೆಗಳು ಅವನ ಮಾತು ಕೇಳಲಿಲ್ಲ. ರಥ ದಾರಿ ಬಿಟ್ಟು ಭೂಮಿಯನ್ನು ಸುಡುತ್ತ ಹೋದಾಗ ದೇವರಾಜ ಸಿಡಿಲು ಎಸೆದ. ಚಿತ್ರದಲ್ಲಿ ಹುಡುಗ ತಲೆಕೆಳಗಾಗಿ ಬೀಳುತ್ತಿದ್ದಾನೆ, ಮೇಲೆ ಕುದುರೆಗಳು ಚೆಲ್ಲಾಪಿಲ್ಲಿ.

ಕಂಪನಿ ಕಟ್ಟಿದ ಹಿರಿಯ ಅರಬಾಬ್, ಅಂದರೆ ಒಮಾನಿ ಯಜಮಾನರು, ಬದುಕಿದ್ದಾಗ ಹೆಚ್ಚಿನದೇನಾದರೂ ಕೇಳಲು ಬಂದ ಮ್ಯಾನೇಜರನ್ನು ಈ ಚಿತ್ರದ ಎದುರಿನ ಕುರ್ಚಿಯಲ್ಲೇ ಕೂರಿಸುತ್ತಿದ್ದರಂತೆ. "ಹೊರಗೆ ಮರಳುಗಾಡು ನೋಡಿದೆಯಲ್ಲ, ಅದನ್ನು ಸುಟ್ಟವನು ಈ ಹುಡುಗನೇ. ಈಗ ಹೇಳು, ನಿನಗೇನು ಬೇಕು?" ಎಂದು ನಗುತ್ತಿದ್ದರಂತೆ.

"ನಿನಗೆ ಈ ಚಿತ್ರ ಇಷ್ಟವಾ?" ಎಂದಳು.

"ಪೇಂಟಿಂಗ್ ಇಷ್ಟ. ಕಥೆ ಇಷ್ಟ ಇಲ್ಲ." ಅಕ್ಷಿತ್ ಪೆನ್ಸಿಲಿನ ತುದಿಯಿಂದ ಬೀಳುತ್ತಿದ್ದ ಹುಡುಗನನ್ನು ತೋರಿಸಿದ. "ಎಲ್ಲರೂ ಇವನಿಗೇ ಬೈತಾರೆ. ಕೀಲಿ ಕೊಟ್ಟದ್ದು ಅಪ್ಪ ಅಲ್ವಾ? ಒಂದು ದಿನ ಪಕ್ಕದಲ್ಲಿ ಕೂತು ಕಲಿಸಿದ್ದಾನಾ? ಇಲ್ಲಿ ಲೈಸೆನ್ಸ್ ತಗೊಳ್ಳಿಕ್ಕೆ ನಾನು ಎಷ್ಟು ಸಲ ಫೇಲ್ ಆಗಿದ್ದೇನೆ ಗೊತ್ತುಂಟಾ? ಆದರೂ ನನ್ನ ಮೇಷ್ಟ್ರು ಒಂದು ದಿನವೂ ಕಾರಿಂದ ಇಳಿದು ಹೋಗಲಿಲ್ಲ."

ಸೌಮ್ಯಶ್ರೀಗೆ ನಗು ಬಂತು. ಆದರೆ ಕಣ್ಣು ಮಾತ್ರ ಫೋಟೊಗಳ ಕೆಳಗಿನ ಎಡಮೂಲೆಯಲ್ಲೇ ಇತ್ತು. ಅಸಲಿಯಲ್ಲಿ, ರಥದಿಂದ ಕಳಚಿದ ಎರಡನೆಯ ಚಕ್ರ ಅಲ್ಲಿ ಮೋಡದ ಮೇಲೆ ಉರುಳುತ್ತಿದೆ. ನಕಲಿಯಲ್ಲಿ ಅದೇ ಜಾಗದಲ್ಲಿ ಬರೀ ಮೋಡ. ಮುರಿದ ರಥ ತಾನೇ, ಚಕ್ರ ಎಲ್ಲೋ ಹಾರಿಹೋಗಿರಬೇಕು ಎಂದು ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ.

"ಅಸಲಿ ನಿನ್ನ ಮುಂದೆಯೇ ವಾರಗಟ್ಟಲೆ ಇತ್ತು," ಅವಳು ನಿಧಾನವಾಗಿ ಹೇಳಿದಳು, ಅವನಿಗಿಂತ ಹೆಚ್ಚಾಗಿ ತನಗೇ. "ಅದನ್ನು ನೋಡಿ ನಕಲು ಮಾಡುವವನು ಒಂದಿಡೀ ಚಕ್ರ ಬಿಡುವುದಿಲ್ಲ. ಇದನ್ನು ಬರೆದವರ ಎದುರು ಅಸಲಿ ಇರಲಿಲ್ಲ. ಮೂಲೆಯಲ್ಲಿ ಏನಿದೆ ಅಂತ ಕಾಣಲಿಲ್ಲ. ಕಾಣದೇ ಇದ್ದಾಗ ಮನಸ್ಸಿಗೆ ಸರಿ ಅನ್ನಿಸಿದ್ದನ್ನು ತುಂಬಿದರು. ಸೂರ್ಯನ ರಥಕ್ಕೆ ಒಂದೇ ಚಕ್ರ ಅನ್ನುವುದು ಯಾರಿಗೆ ಸರಿ ಅನ್ನಿಸ್ತದೆ? ಊರಿನಲ್ಲಿ ಪುರಾಣ ಕೇಳಿ ಬೆಳೆದವರಿಗೆ. ನಿನಗಲ್ಲ."

ಅಕ್ಷಿತ್ ಹಾಳೆಯನ್ನು ಕವುಚಿ ಹಾಕಿದ. ಪೆನ್ಸಿಲನ್ನು ಮೇಜಿನ ಮೇಲಿಟ್ಟ.

"ಏನಾಯ್ತು? ನೀನು ಪಾರಾದೆ ಮಾರಾಯ!"

"ನಾನು ಹೋಗ್ಬಹುದಾ ಮೇಡಂ?" ಎಂದ. ಬಾಗಿಲು ದಾಟುವಾಗ ಅವನ ಮುಖದಲ್ಲಿ ಪಾರಾದವನ ಗೆಲುವು ಇರಲಿಲ್ಲ. ಅವಳು ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದಳು, ಗಮನಿಸಲಿಲ್ಲ.

*

ಕೊಗ್ಗಣ್ಣನ ಫ್ರೇಮ್ ಅಂಗಡಿ ಅಲ್ ಹೈಲ್‌ನಲ್ಲಿ, ಒಂದು ಚಪಾತಿ ಹೋಟೆಲಿಗೂ ದರ್ಜಿಯ ಅಂಗಡಿಗೂ ನಡುವೆ. ಬಾಗಿಲು ತೆಗೆದರೆ ಮರದ ಹುಡಿಯ ವಾಸನೆ, ಅದರ ಹಿಂದೆಯೇ ಪಕ್ಕದಂಗಡಿಯ ಈರುಳ್ಳಿಯ ಘಾಟು. ಕೊಗ್ಗಣ್ಣ ದೇಶದ ಉತ್ತರ ತುದಿಯ ಖಸಬ್‌ನಿಂದ ಬಂದದ್ದು ಹಿಂದಿನ ಸಂಜೆ. ಅಲ್ಲಿನ ಹೊಸ ಹೋಟೆಲಿನ ಕೋಣೆಗಳಿಗೆಲ್ಲ ಚೌಕಟ್ಟು ಕೂಡಿಸುವ ಕೆಲಸಕ್ಕೆ ತಿಂಗಳಿಂದ ಹೋಗಿದ್ದರು.

"ಬಲೆ ಅಕ್ಕ, ಬಲೆ," ಎಂದು ತುಳುವಿನಲ್ಲೇ ಸ್ವಾಗತಿಸಿ ಸ್ಟೂಲು ಒರಸಿದರು. ವಯಸ್ಸಿನಲ್ಲಿ ಅವಳ ಅಪ್ಪನಷ್ಟು. ಆದರೂ ಅಕ್ಕ. "ಚಾ ತರಿಸ್ತೇನೆ. ನಮ್ಮ ಹುಡುಗನ ವಿಷಯ ಎಂತ ಆಯಿತು?"

ಸೌಮ್ಯಶ್ರೀ ಸ್ಟೂಲಿನಲ್ಲಿ ಕೂರಲಿಲ್ಲ. "ನೀವು ಆ ನಕಲಿ ನೋಡಿದ್ದೀರಾ ಕೊಗ್ಗಣ್ಣ?"

"ಯಾರು ತೋರಿಸಿದ್ದಾರೆ? ಫೋನಲ್ಲಿ ಬೈದದ್ದು ಮಾತ್ರ ಕೇಳಿದ್ದು."

ಅವಳು ಫೋಟೊ ಮುಂದಿಟ್ಟಳು. ಕೊಗ್ಗಣ್ಣ ಕನ್ನಡಕ ಹಣೆಯಿಂದ ಇಳಿಸಿದರು. ನೋಡಿದರು. ಕನ್ನಡಕವನ್ನು ಮತ್ತೆ ಹಣೆಗೇರಿಸಿ, ಅಂಚು ಸವೆಸುತ್ತಿದ್ದ ಮರದ ಪಟ್ಟಿಯನ್ನು ಎತ್ತಿಕೊಂಡು ಉಜ್ಜತೊಡಗಿದರು.

"ಒಳ್ಳೆ ಕೆಲಸ," ಎಂದರು. "ಯಾರೋ ಗೊತ್ತಿದ್ದವರದ್ದೇ."

"ಒಂದು ತಪ್ಪು ಉಂಟು. ಎರಡನೇ ಚಕ್ರ ಮರೆತಿದ್ದಾರೆ."

"ಮರೆತದ್ದು ಎಂತದ್ದು? ಸೂರ್ಯನ ರಥಕ್ಕೆ ಎರಡನೇ ಚಕ್ರ ಎಂತಕ್ಕೆ..." ಉಜ್ಜುತ್ತಿದ್ದ ಕೈ ನಿಂತಿತು.

ಪಕ್ಕದ ಹೋಟೆಲಿನಲ್ಲಿ ಯಾರೋ 'ಯಲ್ಲಾ ಯಲ್ಲಾ' ಎಂದು ಆರ್ಡರಿಗೆ ಅವಸರಿಸುತ್ತಿದ್ದರು. ಚಾ ಬಂತು. ಇಬ್ಬರೂ ಮುಟ್ಟಲಿಲ್ಲ.

"ನಿಮ್ಮದೇ ಕೈ," ಸೌಮ್ಯಶ್ರೀ ಅಂದಳು. "ನಿಮ್ಮ ಅಂಗಡಿಯ ಹುಡುಗ ಜೈಲಿನ ಬಾಗಿಲಲ್ಲಿ ನಿಂತಿದ್ದಾನೆ. ನೀವು ಇಲ್ಲಿ ಕೂತು ಮರಕ್ಕೆ ಪಾಲಿಶ್ ಹಾಕ್ತಾ ಇದ್ದೀರಿ. ನಾಚಿಕೆ ಆಗುವುದಿಲ್ಲವಾ ನಿಮಗೆ?"

"ಆಗ್ತದೆ," ಕೊಗ್ಗಣ್ಣನ ಧ್ವನಿ ಕುಸಿಯಿತು. "ಆದರೆ ನೀವು ಹೇಳುವ ಕಾರಣಕ್ಕಲ್ಲ. ನಾನು, ಅದು ಅವನೇ ಮಾಡಿದ್ದು ಅಂತ ನಂಬಿದ್ದೆ ಅಕ್ಕ. ಹಗಲು ರಾತ್ರಿ ಬಣ್ಣ ಹಿಡ್ಕೊಂಡು ಕೂರ್ತಾನೆ. ನಮ್ಮಂಥವರ ಮಕ್ಕಳಿಗೆ ಇಷ್ಟು ದೊಡ್ಡ ಆಸೆ ಯಾಕೆ ಅಂತ ನಾನೇ ಎಷ್ಟು ಸಲ ಹೇಳಿಲ್ಲ? ಕೈ ತೋರಿಸ್ಲಿಕ್ಕೆ ಹೋಗಿ ಸಿಕ್ಕಿಬಿದ್ದ ಅಂದ್ಕೊಂಡೆ. ಒಂದು ಮಾತು ಅವನ ಹತ್ರ ಕೇಳಲಿಲ್ಲ."

"ಇದನ್ನು ಬರೆದದ್ದು ಯಾವಾಗ?"

"ಹನ್ನೆರಡು ವರ್ಷ ಆಯಿತು. ಕದ್ದು ಬರೆದದ್ದಲ್ಲ ಮಾರಾಯ್ರೆ! ಹಿರಿಯ ಅರಬಾಬರೇ ಹೇಳಿದ್ದು, ಅವರ ಸಲಾಲದ ಮನೆಗೆ ಒಂದು ಬೇಕು ಅಂತ. ಒಂದು ಫೋಟೊ ಕೊಟ್ಟರು. ಅದರಲ್ಲಿ ಆ ಮೂಲೆಗೆ ಫ್ಲಾಶ್ ಹೊಡೆದು ಬೆಳ್ಳಗೆ ಆಗಿತ್ತು. ಎಂತ ಇರಬಹುದು? ಮೋಡ ಇರಬಹುದು. ಸೂರ್ಯನಿಗೆ ಒಂದೇ ಚಕ್ರ, ಅದು ಮೇಲೆ ಉಂಟಲ್ಲ. ಮೋಡ ತುಂಬಿಸಿದೆ." ಕೊಗ್ಗಣ್ಣನ ಮುಖದಲ್ಲಿ ಒಂದು ನಗೆ ಸುಳಿಯಿತು. "ಅರಬಾಬ್ ನೋಡಿ ಬಿದ್ದು ಬಿದ್ದು ನಕ್ಕರು. ಒಂದೇ ಚಕ್ರದಲ್ಲಿ ಓಡಿಸಿದರೆ ಯಾರ ಮಗನಾದರೂ ಬೀಳ್ತಾನೆ, ಪಾಪ ಇವನದೇನು ತಪ್ಪು, ಅಂದರು. ಖಲಾಸ್, ವಾಪಸ್."

"ಆಮೇಲೆ ಚಿತ್ರ?"

"ಬಾಲಸುಬ್ರಹ್ಮಣ್ಯ ಸಾರ್ ಅಲ್ಲೇ ಇದ್ದರು. ಆಗ ಅವರಿನ್ನೂ ಅಕೌಂಟ್ಸಿನಲ್ಲಿ. 'ನಮ್ಮ ಲೆಕ್ಕಕ್ಕೆ ಇದೇ ಸರಿಯಾದ ಸೂರ್ಯ, ದೇವರ ಕೋಣೆಗೆ ಆಗ್ತದೆ' ಅಂತ ತಗೊಂಡು ಹೋದರು. ಅದು ಅವರ ಮನೆಯಲ್ಲಿ ಇರಬೇಕಾದದ್ದು. ಆಫೀಸಿನ ಗೋಡೆಗೆ ಹೇಗೆ ಬಂತು?"

ಸೌಮ್ಯಶ್ರೀ ಫೋಟೊ ಎತ್ತಿಕೊಂಡಳು. ದೂರು ಕೊಡಲು ಅವಸರಿಸುತ್ತಿರುವವರೇ ಬಾಲಸುಬ್ರಹ್ಮಣ್ಯ.

ಸೌಮ್ಯಶ್ರೀ ಹೊರಡುವಾಗ ಕೊಗ್ಗಣ್ಣ ಏಪ್ರನ್ ಬಿಚ್ಚುತ್ತಿದ್ದರು. "ಎಲ್ಲಿಗೆ ಬೇಕಾದರೂ ಬಂದು ಹೇಳ್ತೇನೆ ಅಕ್ಕ, ನನ್ನ ಕೈ ಅಂತ. ಅಂಗಡಿ ಹೋದರೂ ಅಡ್ಡಿಯಿಲ್ಲ. ಹುಡುಗ ವಿಮಾನ ಹತ್ತಬೇಕು."

*

ಬಾಗಿಲು ತೆಗೆದವರು ಬಾಲಸುಬ್ರಹ್ಮಣ್ಯರ ಹೆಂಡತಿ ಲಲಿತಮ್ಮ. ಮೈಸೂರಿನ ಕಡೆಯವರು. ಎಣ್ಣೆ ಹಚ್ಚಿ ಬಾಚಿದ ಬೆಳ್ಳಿಗೂದಲು, ಕೈಯಲ್ಲಿ ಅರ್ಧ ಸುಲಿದ ಅವರೆಕಾಯಿ.

"ಇವರಿನ್ನೂ ಆಫೀಸಿಂದ ಬಂದಿಲ್ಲ ಕಣಮ್ಮ. ಬಾ, ಕೂತ್ಕೊ. ಬಿಸಿಲಲ್ಲಿ ಬಂದಿದ್ದೀಯ. ಮಜ್ಜಿಗೆ ಕೊಡ್ಲಾ?"

"ನಿಮ್ಮ ಮನೆಯಲ್ಲಿ ಸೂರ್ಯನ ಒಂದು ಚಿತ್ರ ಇದೆಯಂತೆ ಅಮ್ಮ."

"ಸೂರ್ಯಂದು ಅಂತಾರೆ ಇವರು. ನನಗೆ ಹನುಮಂತಂದು. ಬಾ, ತೋರಿಸ್ತೀನಿ."

ದೇವರ ಕೋಣೆ ಎಂದರೆ ಅಡುಗೆಮನೆಯ ಪಕ್ಕದ ಉಗ್ರಾಣವೇ. ದೀಪ ಉರಿಯುತ್ತಿತ್ತು. ಗೋಡೆಯ ಮೇಲೆ, ಹೊಸ ಗಾಜಿನ ಹಿಂದೆ, ಫೇಥಾನ್ ತಲೆಕೆಳಗಾಗಿ ಬೀಳುತ್ತಿದ್ದ. ಗಾಜಿನ ಮೇಲೆ, ಸರಿಯಾಗಿ ಅವನ ಹಣೆಯ ನೇರಕ್ಕೆ, ಒಂದು ಕುಂಕುಮದ ಬೊಟ್ಟು.

ಸೌಮ್ಯಶ್ರೀ ಹತ್ತಿರ ಹೋದಳು. ಎಡಮೂಲೆಯಲ್ಲಿ, ಮೋಡದ ಮೇಲೆ, ಎರಡನೆಯ ಚಕ್ರ ಉರುಳುತ್ತಿತ್ತು.

ಇಡೀ ಊರು ಹುಡುಕುತ್ತಿದ್ದ ಅಸಲಿ ಇಲ್ಲಿ ಮಲ್ಲಿಗೆ ಮುಡಿದು ನೇತಾಡುತ್ತಿತ್ತು.

"ಇವನು ಬಾಲ ಹನುಮ," ಲಲಿತಮ್ಮ ಹೇಳುತ್ತಿದ್ದರು. "ಹಣ್ಣು ಅಂದ್ಕೊಂಡು ಸೂರ್ಯನ್ನ ಹಿಡಿಯಕ್ಕೆ ಹಾರಿದ್ದ. ಇಂದ್ರ ಹೊಡೆದ. ಮಿಂಚು ನೋಡು, ಅದೇ ವಜ್ರಾಯುಧ."

"ಬಾಲ ಕಾಣ್ತಿಲ್ಲ ಅಲ್ವಾ ಅಮ್ಮ?"

"ಬಟ್ಟೆ ಹಾರ್ತಿದೆಯಲ್ಲ, ಅದರ ಹಿಂದೆ ಇರತ್ತೆ. ಎಲ್ಲಾನೂ ಕಾಣಬೇಕು ಅಂದ್ರೆ ಹೇಗೆ?"

ಸೌಮ್ಯಶ್ರೀಗೆ ಅವಸರವಿತ್ತು. ಆದರೂ ಕೇಳದೆ ಇರಲಾಗಲಿಲ್ಲ. "ಬಿದ್ದ ಮೇಲೆ ಏನಾದ?"

"ಏನಾಗ್ತಾನೆ? ದವಡೆ ಮುರೀತು, ಅಷ್ಟೇ. ಅವರಪ್ಪ ವಾಯು ಬಂದು ಮಗೂನ ಎತ್ತಿಕೊಂಡು ಗುಹೆಯೊಳಗೆ ಕೂತುಬಿಟ್ಟ. ಲೋಕಕ್ಕೆಲ್ಲ ಉಸಿರು ಕಟ್ತು. ಆಗ ದೇವತೆಗಳು ಓಡಿ ಬಂದ್ರು. ಒಬ್ಬೊಬ್ಬರು ಒಂದೊಂದು ವರ ಕೊಟ್ರು. ಹೊಡೆದವನೂ ಕೊಟ್ಟ. ಆಸೆಪಟ್ಟಿದ್ದು ತಪ್ಪು ಅಂತ ಆ ಮಗೂಗೆ ಯಾರೂ ಹೇಳಲಿಲ್ಲ ಕಣಮ್ಮ."

ಬೀಳುತ್ತಿದ್ದ ಹುಡುಗ ಅದೇ, ಸಿಡಿಲು ಅದೇ. ಒಂದು ಗೋಡೆಯಿಂದ ಇನ್ನೊಂದಕ್ಕೆ ಬರುವಷ್ಟರಲ್ಲಿ ಕಥೆ ಬದಲಾಗಿತ್ತು. ಅಲ್ಲಿ ಅವನು ಸತ್ತೇ ಹೋಗಿದ್ದ, ಇಲ್ಲಿ ಅವನನ್ನು ಯಾರೋ ಎತ್ತಿಕೊಳ್ಳಲಿದ್ದರು.

"ಅಮ್ಮ, ಈ ಚಿತ್ರ ನಿಮ್ಮದಲ್ಲ. ಆಫೀಸಿನದು."

"ಗೊತ್ತು," ಎಂದರು ಲಲಿತಮ್ಮ, ಅವರೆಕಾಯಿ ಸುಲಿಯುತ್ತಲೇ. "ನಮ್ಮದನ್ನ ಗಾಜು ಬದಲಾಯಿಸೋಕೆ ಕೊಗ್ಗಣ್ಣನ ಅಂಗಡಿಗೆ ಕೊಟ್ಟಿದ್ದೆ. ಆಫೀಸಿನದೂ ಅಲ್ಲೇ ಇತ್ತಂತೆ. ಮನೆಗೆ ತಂದು ಬಿಚ್ಚಿದೆ, ಎರಡು ಚಕ್ರ. ಹನ್ನೆರಡು ವರ್ಷ ದೀಪ ಹಚ್ಚಿದವಳಿಗೆ ಗೊತ್ತಾಗಲ್ವಾ? ಇವರಿಗೂ ಹೇಳಿದೆ."

"ಅವರೇನಂದ್ರು?"

"ಏನೂ ಅನ್ನಲಿಲ್ಲ."

ಸೌಮ್ಯಶ್ರೀ ಒಂದು ಕ್ಷಣ ಕಣ್ಣು ಮುಚ್ಚಿದಳು. ಗೊತ್ತಿದ್ದೂ ಆ ಮನುಷ್ಯ ಹುಡುಗನ ಕಡೆ ಬೆರಳು ತೋರಿಸಿದ್ದರು. "ಅಂಗಡಿಯ ಹುಡುಗ ಅಕ್ಷಿತ್ ಇದನ್ನು ಕದ್ದ ಅಂತ ನಿಮ್ಮ ಯಜಮಾನರು ಇವತ್ತು ದೂರು ಕೊಡ್ತಿದ್ದಾರೆ. ನಿಮಗೆ ಗೊತ್ತಾ?"

ಅವರೆಕಾಯಿ ನೆಲಕ್ಕೆ ಬಿತ್ತು. ಲಲಿತಮ್ಮನಿಗೆ ಗೊತ್ತಿರಲಿಲ್ಲ. ಅವರ ಮುಖವೇ ಹೇಳಿತು.

ಅಷ್ಟರಲ್ಲಿ ಸೌಮ್ಯಶ್ರೀಯ ಫೋನು ಹೊಡೆದುಕೊಂಡಿತು. ಬಾಲಸುಬ್ರಹ್ಮಣ್ಯ. ಅವಳು ಸ್ಪೀಕರಿಗೆ ಹಾಕಿದಳು.

"ಮೇಡಂ, ನಿಮ್ಮ ರಿಪೋರ್ಟ್ ಮುಗಿಸಿಬಿಡಿ. ದೂರು ಕೊಡೋ ಕೆಲಸವೂ ಉಳೀತು. ಆ ಹುಡುಗ ತಾನಾಗಿಯೇ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಕೊಂಡಿದ್ದಾನೆ. ನಕಲಿ ಬರೆದದ್ದೂ ತಾನೇ, ಬದಲಾಯಿಸಿದ್ದೂ ತಾನೇ. ಅಸಲಿಯನ್ನ ಸಮುದ್ರಕ್ಕೆ ಎಸೆದನಂತೆ."

ಸೌಮ್ಯಶ್ರೀಗೆ ಬೆಳಗಿನ ಕೋಣೆ ಕಣ್ಣಿಗೆ ಕಟ್ಟಿತು. ಊರಿನಲ್ಲಿ ಪುರಾಣ ಕೇಳಿ ಬೆಳೆದವರು ಎಂದು ತಾನು ಜಾಣತನ ಮೆರೆದಾಗಲೇ ಹುಡುಗನಿಗೆ ಹೊಳೆದಿತ್ತು, ಆ ಕೈ ಯಾರದೆಂದು. ಗುರು ಕೊಗ್ಗಣ್ಣನ ಕುತ್ತಿಗೆಗೆ ಬರುವುದನ್ನು ತಾನು ಹೊತ್ತುಕೊಳ್ಳಲು ಆ ಕೋಣೆಯಿಂದ ನೆಟ್ಟಗೆ ಠಾಣೆಗೇ ಹೋಗಿದ್ದಾನೆ. ದಾರಿ ತೋರಿಸಿದವಳು ತಾನೇ.

ಆದರೆ ಸಮುದ್ರಕ್ಕೆ ಬಿದ್ದ ಚಿತ್ರ ಅವಳ ಕಣ್ಣೆದುರಿಗಿದೆ. ಸುಳ್ಳು ಒಪ್ಪಿಗೆಯನ್ನು ಒಡೆಯಲು ಇಷ್ಟು ಸಾಕು. ಶನಿವಾರ ಇನ್ನೂ ಬಂದಿಲ್ಲ.

"ಎಲ್ಲಿದ್ದೀರಿ ಸರ್?"

"ಮನೆಗೆ ಬಂದೆ, ಲಿಫ್ಟ್ ಹತ್ತಿರ. ನೀವು?"

"ನಿಮ್ಮ ದೇವರ ಕೋಣೆಯಲ್ಲಿ."

ಕರೆ ಕಡಿಯಿತು.

ಲಲಿತಮ್ಮ ಎದ್ದರು. ಸೆರಗಿನಿಂದ ಕೈ ಒರಸಿಕೊಂಡು, ನಡುಮನೆ ದಾಟಿ, ಮುಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದರು. ಹೊರಗೆ ಕೀಲಿ ತಿರುಗಿತು. ಬಾಗಿಲು ತೆರೆಯಲಿಲ್ಲ.

"ಲಲಿತಾ, ಬಾಗಿಲು ತೆಗಿ."

"ಮೊದಲು ಆ ಹುಡುಗನ್ನ ಬಿಡಿಸಿ."

"ಲಲಿತಾ, ಅಕ್ಕಪಕ್ಕದವರು ನೋಡ್ತಿದ್ದಾರೆ."

"ನೋಡಲಿ. ನನ್ನ ಹೆಸರು ಬರಬಾರದು ಅಂತ ಯಾರ ಮನೆ ಮಗನ್ನೋ ಕೊಟ್ಟುಬಿಟ್ರಾ ನೀವು?"

ಮರದ ಬಾಗಿಲಿಗೆ ಹಣೆ ಒರಗಿದ ಸದ್ದು. "ವಾಪಸ್ ಕೊಡು ಅಂತ ಎಷ್ಟು ಸಲ ಬೇಡಿಕೊಂಡೆ ನಿನ್ನ? ನೀನು ಕೇಳಿದ್ಯಾ? ನಿನ್ನನ್ನ ಠಾಣೆಗೆ ಕಳಿಸೋದಾ ಈ ವಯಸ್ಸಲ್ಲಿ?"

ಸೌಮ್ಯಶ್ರೀ ಲಲಿತಮ್ಮನ ಮುಖ ನೋಡಿದಳು.

"ಹೌದು, ಕೊಡಲ್ಲ ಅಂದವಳು ನಾನೇ," ಎಂದರು ಲಲಿತಮ್ಮ. "ಇವರು ಮೂವತ್ತು ವರ್ಷ ಈ ಚಿತ್ರದ ಎದುರು ಕೂತು, ಏನೂ ಕೇಳದೇ ಎದ್ದು ಬಂದ್ರು. ತಮಗೆ ರಜ ಬೇಕು ಅಂತಲೂ ಕೇಳಲಿಲ್ಲ. ಒಂದು ಮಗೂನ ತೋರಿಸಿ ಅಷ್ಟು ಜನಾನ ಹೆದರಿಸೋದಾ? ಅಲ್ಲಿ ಬೇಡ, ಇಲ್ಲಿರಲಿ, ದಿನಾ ಒಂದು ದೀಪ ಕಾಣಲಿ ಅಂದ್ಕೊಂಡೆ. ಅದರಿಂದ ಇನ್ನೊಂದು ಮಗು ಬೀಳತ್ತೆ ಅಂತ ಗೊತ್ತಿದ್ರೆ..." ಮಾತು ನಿಂತಿತು. "ನಡಿಯಮ್ಮ, ಠಾಣೆಗೆ ಹೋಗೋಣ. ನಾನೇ ಹೇಳ್ತೀನಿ."

ಸೌಮ್ಯಶ್ರೀಯ ಮೈ ಹಗುರಾಯಿತು. "ಹೆದರಬೇಡಿ ಅಮ್ಮ. ನೀವು ಇಟ್ಟುಕೊಂಡದ್ದು ತಪ್ಪು, ಆದರೆ ಕದ್ದದ್ದಲ್ಲ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ಕೊಟ್ಟಿದ್ದಾರೆ, ಅಷ್ಟೇ. ಅವತ್ತು ಅಂಗಡಿಯಲ್ಲಿ ಏನಾಯಿತು ಅಂತ ಇದ್ದ ಹಾಗೆ ಹೇಳಿದರೆ ಅಕ್ಷಿತ್ ಇವತ್ತೇ ಹೊರಗೆ ಬರ್ತಾನೆ."

ಲಲಿತಮ್ಮನ ಕೈ ಚಿಲಕದ ಮೇಲಿತ್ತು. ಅಲ್ಲೇ ನಿಂತಿತು.

"ಇದ್ದ ಹಾಗೇನಾ?"

"ಹೌದಮ್ಮ."

"ನಾನು ಹೋದಾಗ ಎರಡನ್ನೂ ಚೌಕಟ್ಟು ಬಿಚ್ಚಿ ಗೋಡೆಗೆ ಒರಗಿಸಿದ್ರು. ನಮ್ಮದು ಇದು ಅಂತ ಒಂಟಿ ಚಕ್ರದ್ದನ್ನೇ ಮುಟ್ಟಿ ತೋರಿಸಿದೆ, ಬಾಲ ಹನುಮನ ಕಥೇನೂ ಹೇಳಿದೆ ಕಣಮ್ಮ," ಲಲಿತಮ್ಮ ಪಿಸುಗುಟ್ಟಿದರು, ಬಾಗಿಲಾಚೆಗೆ ಕೇಳದ ಹಾಗೆ. "ಹುಡುಗ ಅದನ್ನ ನೋಡಿದ, ನನ್ನನ್ನ ನೋಡಿದ. ಒಳಗೆ ಹೋಗಿ ನಮ್ಮ ಚೌಕಟ್ಟು, ಹೊಸ ಗಾಜು ಕೂಡಿಸಿ ಕಾಗದ ಸುತ್ತಿ ತಂದ. ತಂದದ್ದು ಇನ್ನೊಂದನ್ನ. ಮನೆಗೆ ಹೋಗೋವರೆಗೂ ಬಿಚ್ಚಬೇಡಿ ಅಮ್ಮ, ಅಂತಲೂ ಹೇಳಿದ."